ಹಿಮದ ಗವಿಯಲ್ಲಿ ಹಸಿ ಬಟಾಣಿ

ಬಹಳ ಹಿಂದೆ ಹೂವಲಿಗೆ ಎಂಬ ರಾಜ್ಯವಿತ್ತು. ಅಲ್ಲಿ ಚಳಿಗಾಲದ ಎರಡು ತಿಂಗಳು ತರಕಾರಿ ತಿಂದಷ್ಟೂ ಮುಗಿಯುತ್ತಿರಲಿಲ್ಲ. ಬಟಾಣಿ, ಹುರುಳಿಕಾಯಿ ರಾಶಿ ರಾಶಿ ಕೊಳೆತು ದನಗಳೂ ಮೂಸುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಅದೇ ಜನ ಗಂಜಿ, ಉಪ್ಪಿನಲ್ಲಿ ದಿನ ನೂಕುತ್ತಿದ್ದರು. ಹಸಿರು ಕಾಣದ ಮಕ್ಕಳ ಒಸಡಿನಲ್ಲಿ ರಕ್ತ ಒಸರುತ್ತಿತ್ತು.

ರಾಜ್ಯದ ಬಡಗಲ ಬೆಟ್ಟದಲ್ಲಿ ಹಿಮದ ಗವಿಯೊಂದಿತ್ತು. ಅದರ ಒಡೆಯ ಹಿಮಕೇತು ಎಂಬ ಮಾಂತ್ರಿಕ. ಹೆಚ್ಚಾದ ತರಕಾರಿ ಇಡಲು ಗವಿಯಲ್ಲಿ ಒಂದು ಮೂಲೆ ಕೇಳೋಣವೆಂದು ಕೆಂಚಯ್ಯನೆಂಬ ತೋಟಗಾರ ಹೋದ. ಮಾಂತ್ರಿಕ ಅವನನ್ನು ಮುಟ್ಟಿದ. ಕೆಂಚಯ್ಯ ನಿಂತಲ್ಲೇ ಮಂಜಿನ ಬೊಂಬೆಯಾದ.

ಏಳು ದಿನ ಕಾದ ಹೆಂಡತಿ ಸಂಕವ್ವ ಬುಟ್ಟಿ ತುಂಬ ತರಕಾರಿ, ಒಂದು ಪಾತ್ರೆ ಹೊತ್ತು ಬೆಟ್ಟ ಹತ್ತಿದಳು. ಗಂಡನನ್ನು ಬಿಟ್ಟುಕೊಡಿ ಎಂದು ಬೇಡಿದಳು. ಹಿಮಕೇತು ಪಂಥ ಒಡ್ಡಿದ. ಅವಳ ತರಕಾರಿ ಗವಿಯಲ್ಲಿ ಆರು ತಿಂಗಳಿದ್ದು, ಆಗತಾನೆ ಕಿತ್ತಂತೆ ಹೊರಬರಬೇಕು. ಮೂರು ಸಲ ಅವಕಾಶ. ಸೋತಾಗಲೆಲ್ಲ ಅವಳಲ್ಲಿರುವ ಏನಾದರೊಂದನ್ನು ಅವನು ಕಿತ್ತುಕೊಳ್ಳುವನು. ಮೂರನೆಯ ಸಲವೂ ಸೋತರೆ ಅವಳೂ ಬೊಂಬೆ. ಅವನು ಚಿಟಿಕೆ ಹೊಡೆದರೆ ಗವಿಯೊಳಗೆ ಆರು ತಿಂಗಳು ಕಳೆಯುತ್ತಿತ್ತು.

ಮೊದಲ ಸಲ ಸಂಕವ್ವ ಬಟಾಣಿಯನ್ನು ಹಸಿಯಾಗಿಯೇ ಇಟ್ಟಳು. ಬಣ್ಣಗೆಟ್ಟು, ಒಣಹುಲ್ಲಿನ ವಾಸನೆಯೊಂದಿಗೆ ಬಂತು. ಮಾಂತ್ರಿಕ ಅವಳ ಎಡಗೈಯ ಬಿಸುಪು ಕಿತ್ತುಕೊಂಡ.

ಎರಡನೆಯ ಸಲ ಚೆನ್ನಾಗಿ ಬೇಯಿಸಿ ಇಟ್ಟಳು. ಒಂದೇ ಮುದ್ದೆಯಾಗಿ ಬಂದು, ಕರಗಿ ಅಂಬಲಿಯಾಯಿತು. ಮಾಂತ್ರಿಕ ಅವಳ ನಾಲಿಗೆಯ ರುಚಿ ಕಿತ್ತುಕೊಂಡ.

ಸಂಕವ್ವ ಗಂಡನ ಕಾಲ ಬಳಿ ಕುಳಿತು ಬಹಳ ಹೊತ್ತು ಯೋಚಿಸಿದಳು. ಹಸಿಯದು ಚಳಿಯಲ್ಲೂ ಒಳಗೊಳಗೇ ಬಲಿಯುತ್ತ ಹೋಗಿತ್ತು. ಬೆಂದದ್ದರಲ್ಲಿ ಉಳಿಸಿಕೊಳ್ಳುವಂಥದ್ದೇ ಇರಲಿಲ್ಲ. ಬಲಿಯುವುದು ನಿಲ್ಲಬೇಕು, ಆದರೆ ಬೇಯಬಾರದು.

ಮೂರನೆಯ ಸಲ ಅವಳು ಗವಿಯ ಬಾಯಲ್ಲಿ ಒಲೆ ಹೂಡಿ ನೀರು ಕುದಿಸಿದಳು. ಬಟಾಣಿ ಹಾಕಿ, ಬಣ್ಣ ಹೊಳಪಾದ ಕೂಡಲೇ ಬಸಿದು, ಮಂಜಿನ ನೀರಿಗೆ ಸುರಿದಳು. ಆರಿದ ಮೇಲೆ ಸೆರಗಿನಲ್ಲಿ ಒರೆಸಿ, ಒಂದಕ್ಕೊಂದು ತಾಗದಂತೆ ಹರಡಿಟ್ಟಳು. ಹಿಮಕೇತು ಚಿಟಿಕೆ ಹೊಡೆದ. ಕಾಳುಗಳು ಹಸಿರು ಮಣಿಗಳಂತೆ ಬಿಡಿಬಿಡಿಯಾಗಿ ಹೊರಬಂದವು.

ಅವಳು ಅವನ್ನು ಒಗ್ಗರಣೆಗೆ ಹಾಕಿ ಪಲ್ಯ ಮಾಡಿ ಮಾಂತ್ರಿಕನ ಮುಂದಿಟ್ಟಳು.

"ಉಪ್ಪು ಸಾಕಾ, ನೀವೇ ನೋಡಿ ಹೇಳಿ. ನನಗೆ ತಿಳಿಯುವುದಿಲ್ಲ" ಎಂದಳು.

ಮುನ್ನೂರು ವರ್ಷ ಮಂಜು ಬಿಟ್ಟು ಬೇರೇನೂ ತಿನ್ನದ ಹಿಮಕೇತು, ಅವಳಿಂದ ಕಿತ್ತುಕೊಂಡ ರುಚಿಯಲ್ಲೇ ಮೊದಲ ತುತ್ತು ಉಂಡ. ಇನ್ನೊಂದು ತುತ್ತು ಉಂಡ. ಆಮೇಲೆ ಮೆಲ್ಲಗೆ, "ಒಂಚೂರು ಕಡಿಮೆ ಇದೆ, ತಾಯಿ" ಎಂದ.

ಪಂಥ ಅವಳು ಗೆದ್ದಿದ್ದಳು. ಗಂಡನನ್ನಷ್ಟೇ ಬಿಟ್ಟುಕೊಟ್ಟಿದ್ದರೆ ಸಾಕಿತ್ತು. ಆದರೆ ಹಿಮಕೇತು ಅವಳ ಬಿಸುಪನ್ನೂ ಮರಳಿಸಿದ, ರುಚಿಯನ್ನೂ ಮರಳಿಸಿದ. ಮೂರನೆಯ ತುತ್ತು ಅವನ ಬಾಯಲ್ಲಿ ಬರೀ ಮಂಜಾಯಿತು. ಕೆಂಚಯ್ಯನ ರೆಪ್ಪೆಯಿಂದ ನೀರು ತೊಟ್ಟಿಕ್ಕಿತು. ಅವನು ಕಣ್ಣುಬಿಟ್ಟು ಹಸಿವೆಂದ.

ಅಂದಿನಿಂದ ಹಿಮಕೇತು ಯಾರನ್ನೂ ಮುಟ್ಟಿ ಮಂಜಾಗಿಸಲಿಲ್ಲ. ಚಳಿಗಾಲದಲ್ಲಿ ಹೂವಲಿಗೆಯ ಹೆಂಗಸರು ಬುಟ್ಟಿಗಳನ್ನು ತಂದರು, ಸಂಕವ್ವ ಕಲಿಸಿದಂತೆ ಗವಿಯಲ್ಲಿಟ್ಟರು, ಅವನು ಅವಕ್ಕೆ ಕಾವಲಿದ್ದ. ಬೇಸಿಗೆಯಲ್ಲಿ ಮನೆಮನೆಯ ಒಲೆಯ ಮೇಲೆ ಹಸಿರು ಕುದಿಯಿತು, ಮಕ್ಕಳ ಒಸಡು ವಾಸಿಯಾಯಿತು. ಸಂಕವ್ವ ಮಾತ್ರ ಪ್ರತಿ ವರ್ಷ ಮೊದಲ ಪಲ್ಯದ ಬಟ್ಟಲು ಹಿಡಿದು ಬೆಟ್ಟ ಹತ್ತುತ್ತಿದ್ದಳು. ಅವನೆದುರು ಕುಳಿತು ತಾನು ಉಣ್ಣುತ್ತ, ಅದು ಹೇಗಿದೆಯೆಂದು ಒಂದೊಂದೇ ತುತ್ತಿಗೆ ಬಿಡಿಸಿ ಹೇಳುತ್ತಿದ್ದಳು. ಅವನು ಕಣ್ಣುಮುಚ್ಚಿ ಕೇಳುತ್ತಿದ್ದ.