ಕೇಳದೆ ಉಳಿದ ನಲವತ್ತೊಂದನೆಯದು

"ಆ ಕೊನೆಯ ಮೆಸೇಜ್ ಇವತ್ತಾದರೂ ಕೇಳಿ ಮಾರಾಯ್ರೆ, ನಿಮ್ಮ ಅಕ್ಕನಿಗೆ ಬಡಿಸುವ ದಿನ," ಅಂದಳು ನನ್ನ ಹೆಂಡತಿ ತೃಪ್ತಿ.

ತೀರಿಹೋದ ಕಮಲಕ್ಕನ ವಾಯ್ಸ್ ಮೆಸೇಜುಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಹಾಡುಗಳನ್ನು ಜೋಡಿಸಿಟ್ಟು ಕೇಳುವ ಸಾಫ್ಟ್‌ವೇರಿಗೆ ಹಾಕಿದ್ದೆ. ಗಾಯಕಿಯ ಹೆಸರಿನ ಜಾಗದಲ್ಲಿ ಕಮಲಕ್ಕ ಎಂದು ಬರೆದಿದ್ದೆ, ಒಟ್ಟು ನಲವತ್ತೊಂದು ಮೆಸೇಜು. "ಎಂತ ಮಾರಾಯ, ಬದಿಯಡ್ಕಕ್ಕೆ ಬಂದವ ಮನೆಗೆ ಬರುವುದಿಲ್ವಾ?" ಎನ್ನುವ ಆ ಸ್ವರ ನನಗೆ ಬಾಯಿಪಾಠ. ಸತ್ತ ದಿನ ಬೆಳಿಗ್ಗೆ ಅವಳು ಕಳಿಸಿದ ಕೊನೆಯದನ್ನು ಮಾತ್ರ ಪುರುಸೊತ್ತಿನಲ್ಲಿ ಕೇಳಿದರಾಯ್ತು ಎಂದು ಬಿಟ್ಟಿದ್ದೆ. ಆಮೇಲೆ ಧೈರ್ಯ ಬರಲಿಲ್ಲ. ಎಷ್ಟು ಸಲ ಕೇಳಿದ್ದು ಎಂದು ತೋರಿಸುವಲ್ಲಿ ಅದರೆದುರು ಸೊನ್ನೆಯೇ ಇತ್ತು.

ಮಧ್ಯಾಹ್ನ ಎಲೆಯಲ್ಲಿ ಕೋಳಿ ಸಾರು, ಕಡುಬು ಬಡಿಸಿ, ಅಕ್ಕ ಬಂದು ಉಣ್ಣಲೆಂದು ಕ್ರಮದ ಪ್ರಕಾರ ಕೋಣೆಯ ಬಾಗಿಲೆಳೆದು ಹೊರಗೆ ನಿಂತೆವು. ಲ್ಯಾಪ್‌ಟಾಪನ್ನು ಒಳಗೇ ಮರೆತಿದ್ದೆ.

ಬಾಗಿಲು ತಟ್ಟಿ ತೆರೆದಾಗ ಎಲೆ ಬಡಿಸಿದ ಹಾಗೆಯೇ ಇತ್ತು. ಐದು ನಿಮಿಷದಲ್ಲಿ ಸಾರು ಬಾವಿನೀರಿನಷ್ಟು ತಣ್ಣಗಾಗಿತ್ತು. ಲ್ಯಾಪ್‌ಟಾಪಿನಲ್ಲಿ ಆ ಕೊನೆಯ ಮೆಸೇಜಿನೆದುರು ಸೊನ್ನೆ ಇದ್ದಲ್ಲಿ ಒಂದು ಇತ್ತು.

"ನೀನು ಕೇಳಿದ್ದಾ?"

"ನಾನು ನಿಮ್ಮ ಜೊತೆಯೇ ಹೊರಗಿರಲಿಲ್ವಾ? ನೀವು ಕೇಳುವುದಿಲ್ಲ ಅಂತ ಅವರೇ ಕೇಳಿಕೊಂಡ್ರೋ ಎಂತದೋ."

ನಾವು ನೋಡುತ್ತಿದ್ದ ಹಾಗೆಯೇ ಒಂದು ಹೋಗಿ ಎರಡಾಯಿತು. ಸ್ವರ ಮಾತ್ರ ಬರಲಿಲ್ಲ.