ಎಲ್ಡರ್‌ಫೋರ್ಡಿನಲ್ಲಿ ಈಗ ಮಳೆ

ಭದ್ರಾವತಿಯ ಹೊಸಮನೆಯ ಆ ಮನೆಯಲ್ಲಿ ಬಾಗಿಲು ತೆರೆಯುವವಳು ಯಾವಾಗಲೂ ಪುಷ್ಪಾ. ಶನಿವಾರ ಬೆಳಿಗ್ಗೆ ಅಳತೆ ಟೇಪು ಹಿಡಿದು ನಿಂತ ಯೋಗರಾಜನಿಗೆ ಬಾಗಿಲು ತೆರೆದವಳು ಮಾತ್ರ ಪುಷ್ಪಾಳ ಅಕ್ಕ ವೇದಾವತಿ.

ಅವಳನ್ನು ಅವನು ಎದುರಿಗೆ ನೋಡಿದ್ದು ಅದೇ ಮೊದಲು. ಆದರೂ ಗುರುತು ಸಿಗಲು ಒಂದು ಕ್ಷಣವೂ ಬೇಕಾಗಲಿಲ್ಲ; ಆ ಮನೆಯ ಗೋಡೆಯ ಮೇಲಿನ ಫೋಟೊದಲ್ಲಿ ಆ ಮುಖ ನೋಡಿದ್ದ. ಹನ್ನೊಂದು ತಿಂಗಳಿಂದ ದಿನವೂ ಅವಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ನಿನ್ನೆ ಸಂಜೆಯೂ ಮಾತಾಡಿದ್ದ. ನಿನ್ನೆ ಅವಳು ಇಂಗ್ಲೆಂಡಿನ ಎಲ್ಡರ್‌ಫೋರ್ಡ್ ಎಂಬ ಹಳ್ಳಿಯಲ್ಲಿದ್ದಳು. "ಇಲ್ಲಿ ಈಗ ಮಳೆ ಮಾರಾಯ್ರೇ, ಕುರಿಗಳೆಲ್ಲ ಗೋಡೆಗೆ ಒತ್ತಿಕೊಂಡು ನಿಂತಿವೆ" ಎಂದಿದ್ದಳು.

ಈಗ ಅವಳ ಕೈಯಲ್ಲಿ ಸೊಪ್ಪು ಸೋಸುವ ಮೊರ ಇತ್ತು. ಮೊದಲು ಟೇಪನ್ನು ನೋಡಿದಳು, ಆಮೇಲೆ ಅವನ ಮುಖವನ್ನು. ಮೊರ ವಾಲಿ ನಾಲ್ಕಾರು ಎಳೆ ಸಬ್ಬಸಿಗೆ ಹೊಸ್ತಿಲ ಮೇಲೆ ಬಿತ್ತು.

ಒಳಗಿನಿಂದ ತಾಯಿ ಸುವರ್ಣಮ್ಮನ ದನಿ ಬಂತು. "ಬಾಪ್ಪ ಯೋಗರಾಜ. ನೋಡು, ಇವಳೇ ನನ್ನ ದೊಡ್ಡ ಮಗಳು. ಮೂರು ವಾರ ರಜೆ ಹಾಕಿ ಮೊನ್ನೆ ಬಂದ್ಲು."

ಮೊನ್ನೆ. ಹಾಗಾದರೆ ನಿನ್ನೆ ಸಂಜೆಯ ಮಳೆ ಎಲ್ಲಿಯದು? ಮುಂಬಾಗಿಲ ಮೆಟ್ಟಿಲಿಗೆ ಹಿಡಿಕಂಬಿ ಹಾಕಿಕೊಡಬೇಕೆಂದು ಸುವರ್ಣಮ್ಮನೇ ಅವನಿಗೆ ಫೋನ್ ಮಾಡಿ ಕರೆದಿದ್ದರು. ಮಗಳಿಗೆ ಅದು ಗೊತ್ತಿರಲಿಲ್ಲ. ಅವನು ಮೂರೇ ಮೆಟ್ಟಿಲನ್ನು ನಾಲ್ಕು ಸಲ ಅಳೆದ. ಪ್ರತಿ ಸಲವೂ ಬೇರೆ ಅಳತೆ ಬಂತು.

ಹೊರಡುವಾಗ ಅವಳು ಗೇಟಿನ ತನಕ ಬಂದಳು. ಮುಖ ಎತ್ತಲಿಲ್ಲ. ನಾಳೆ ಬೆಳಿಗ್ಗೆ ಶಿವಮೊಗ್ಗದ ಕೋಟೆ ಆಂಜನೇಯನ ಗುಡಿಯ ಹತ್ತಿರ ಬರುತ್ತೀರಾ ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಅವನು ತಲೆಯಾಡಿಸಿದ. ಬಾಯಿ ತೆರೆದಿದ್ದರೆ ಏನು ಬರುತ್ತಿತ್ತೋ ಅವನಿಗೇ ಭಯವಾಗಿತ್ತು.

ಯೋಗರಾಜನಿಗೆ ಮೂವತ್ತನಾಲ್ಕು. ಮಾಚೇನಹಳ್ಳಿಯಲ್ಲಿ ಗೇಟು, ಗ್ರಿಲ್ಲು ಮಾಡುವ ಸಣ್ಣ ವರ್ಕ್‌ಶಾಪ್ ಇತ್ತು. ಕಳೆದ ಜೂನಿನಲ್ಲಿ ಸುವರ್ಣಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ, ಗೋಡೆಗೆ ಹಿಡಿಕಂಬಿ ಹಾಕುವ ಕೆಲಸ ಅವನಿಗೆ ಬಂದಿತ್ತು. ಆ ದಿನ ಸಂಜೆ ವಿದೇಶದ ನಂಬರಿನಿಂದ ಒಬ್ಬಳು ಫೋನ್ ಮಾಡಿ, ಕಂಬಿಯನ್ನು ನೆಲದಿಂದ ಎಷ್ಟು ಎತ್ತರಕ್ಕೆ ಹಾಕುತ್ತೀರಿ ಎಂದು ವಿಚಾರಿಸಿದಳು.

"ಅಂದಾಜಿಗೆ ಹಾಕ್ತೀವಿ ಮೇಡಂ."

"ನಮ್ಮಮ್ಮನ ಮೂಳೆ ಅಂದಾಜಿಗೆ ಮುರಿದಿಲ್ಲ. ಅಳತೆ ಹೇಳ್ತೀನಿ, ಬರ್ಕೊಳ್ಳಿ."

ಅವಳು ನರ್ಸ್. ಎಲ್ಡರ್‌ಫೋರ್ಡಿನ ಒಂದು ವೃದ್ಧಾಶ್ರಮದಲ್ಲಿ ಕೆಲಸ. ಅಲ್ಲಿ ಗೋಡೆ ಗೋಡೆಗೂ ಅಂಥ ಕಂಬಿಗಳು. ಕೆಲಸ ಮುಗಿದ ಮೇಲೂ ಅವಳು ಫೋನ್ ಮಾಡಿದಳು, ಕಂಬಿ ಅಲ್ಲಾಡುತ್ತದೆಯೇ ಎಂದು ಕೇಳಲು. ಮರುದಿನ ಅವನು ಮಾಡಿದ, ಅಲ್ಲಾಡುವುದಿಲ್ಲ ಎಂದು ಹೇಳಲು. ಮೂರನೆಯ ದಿನಕ್ಕೆ ಇಬ್ಬರಿಗೂ ಕಾರಣ ಬೇಕಾಗಲಿಲ್ಲ.

ಅವಳ ಬಿಡುವಿನ ಹೊತ್ತು, ಅವನು ವರ್ಕ್‌ಶಾಪಿನ ಶಟರ್ ಎಳೆಯುವ ಹೊತ್ತು. ದಿನವಿಡೀ ಗ್ರೈಂಡರಿನ ಸದ್ದು ತುಂಬಿದ ಕಿವಿಗೆ ಅವಳ ದನಿ ತಣ್ಣಗೆ ಇಳಿಯುತ್ತಿತ್ತು. ಊರು ಹೇಗಿದೆ ಎಂದು ಅವನು ಕೇಳುವನು, ಅವಳು ಹೇಳುವಳು. ಬೆಲ್ಲದ ಬಣ್ಣದ ಕಲ್ಲಿನ ನಲವತ್ತು ಮನೆ. ಒಂದೇ ಅಂಗಡಿ, ಅದರ ಮೂಲೆಯಲ್ಲೇ ಪೋಸ್ಟ್ ಆಫೀಸು. ಯಾರಿಗೆ ಕಾಗದ ಬಂತೆಂದು ಅಂಗಡಿಯಾಕೆಗೆ ಮೊದಲೇ ಗೊತ್ತು. ವಾರಕ್ಕೆ ಮೂರು ದಿನ ಬಸ್ಸು. ಕಾಲುದಾರಿ ಯಾರದೋ ಗೋಧಿ ಹೊಲದ ನಡುವೆಯೇ ಹಾದುಹೋದರೂ ಯಾರೂ ಬೈಯುವುದಿಲ್ಲ. ಹೆಚ್ಚಾದ ಸೇಬನ್ನು ಚೀಲಕ್ಕೆ ತುಂಬಿ ಮನೆಯೆದುರು ಇಡುತ್ತಾರೆ, ಬೇಕಾದವರು ಒಯ್ಯಬಹುದು. ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲು. ಎದುರಾದವರೆಲ್ಲ ಹವೆಯ ಮಾತು ಆಡುತ್ತಾರೆ, ನಮ್ಮವರು ಊಟ ಆಯ್ತಾ ಅನ್ನುವ ಹಾಗೆ. ಆಶ್ರಮದ ಡಾರತಿ ಎಂಬ ತೊಂಬತ್ತೊಂದರ ಅಜ್ಜಿಯನ್ನು ಅವಳು ಗಾಲಿಕುರ್ಚಿಯಲ್ಲಿ ದಿನವೂ ಹೊಲದಂಚಿಗೆ ಕರೆದೊಯ್ಯುತ್ತಿದ್ದಳು. ಅಲ್ಲಿ ಕುರಿಮರಿ ನೋಡುವುದೇ ಅಜ್ಜಿಗೆ ಹಬ್ಬ. ಹೇಳುತ್ತಿರುವಾಗಲೇ ಚರ್ಚಿನ ಗಡಿಯಾರ ಮೂರು ಹೊಡೆಯುತ್ತಿತ್ತು. ಆ ಸದ್ದು ಫೋನಿನಲ್ಲಿ ಇವನಿಗೂ ಕೇಳುತ್ತಿತ್ತು. "ಹೋಗ್ಬೇಕು" ಎನ್ನುವಳು. ಹೋಗುತ್ತಿರಲಿಲ್ಲ.

ಮಾರ್ಚಿನಿಂದ ಆ ಗಡಿಯಾರ ಕೇಳಿಸಲಿಲ್ಲ. ಕೇಳಿದ್ದಕ್ಕೆ ರಿಪೇರಿಯಲ್ಲಿದೆ ಎಂದಳು. ಯಾವ ಭಾಗ ಕೆಟ್ಟಿದೆ ಎಂದು ಅವನು ಆಸಕ್ತಿಯಿಂದ ವಿಚಾರಿಸಿದರೆ ಮಾತು ಬದಲಿಸಿದಳು. ಏಪ್ರಿಲ್‌ನಲ್ಲಿ, ತಾಯಿ ಸೇರಿಸದ ಕುರಿಮರಿಯನ್ನು ರೈತನೊಬ್ಬ ಅಡುಗೆಮನೆಯ ಒಲೆ ಪಕ್ಕ ಮಲಗಿಸಿಕೊಂಡ ಕಥೆ ಹೇಳಿದಳು. ಅದೇ ಕಥೆಯನ್ನು ಫೆಬ್ರವರಿಯಲ್ಲೂ ಹೇಳಿದ್ದಳು. ಒಂದು ಸಂಜೆ ಅವಳ ಹಿಂದೆಯೇ ಒಬ್ಬ ಗಂಡಸು ನಕ್ಕಿದ್ದು ಕೇಳಿಸಿತು. ಯಾರು ಎಂದು ಯೋಗರಾಜ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡಬಹುದು.

ಈಗ ಎಲ್ಲವೂ ಒಟ್ಟಿಗೆ ಸೇರಿ ಅವನ ನಿದ್ದೆಯನ್ನು ಕಸಿದುಕೊಂಡವು.

ಭಾನುವಾರ ಅವನು ಒಂದು ಗಂಟೆ ಮೊದಲೇ ಕೋಟೆಗೆ ಬಂದು ನಿಂತ. ಪ್ರತಿ ಆಟೊ ನಿಂತಾಗಲೂ ಕತ್ತು ಚಾಚಿ ನೋಡಿದ. ಏನು ಹೇಳಬೇಕೆಂದು ಮನೆಯಿಂದ ಕಟ್ಟಿಕೊಂಡು ಬಂದಿದ್ದ ಮಾತು, ಅವಳು ಹೂವಿನಂಗಡಿ ದಾಟಿ ಬರುತ್ತಿದ್ದಂತೆ ಚದುರಿಹೋಯಿತು. ಹಸಿರು ಚೂಡಿದಾರ, ನಿದ್ದೆಗೆಟ್ಟ ಕಣ್ಣು. ಅವಳೂ ಅವನನ್ನು ನೋಡಿದಳು, ತಕ್ಷಣ ಬೇರೆಡೆ ನೋಡಿದಳು, ಮತ್ತೆ ಕದ್ದು ನೋಡಿದಳು. ಅವಳ ನೋಟ ಅವನ ಮುಂಗೈಯ ಮೇಲಿನ ವೆಲ್ಡಿಂಗ್ ಕಿಡಿಯ ಕಲೆಗಳ ಮೇಲೆ ನಿಂತಿತು.

"ಫೋನಲ್ಲಿ ಇವು ಕಾಣ್ತಿರಲಿಲ್ಲ" ಎಂದಳು.

"ಫೋನಲ್ಲಿ ತುಂಬಾ ವಿಷಯ ಕಾಣ್ತಿರಲಿಲ್ಲ."

ಅವಳು ತಲೆ ತಗ್ಗಿಸಿದಳು. ಇಬ್ಬರೂ ಕೈಮುಗಿದು ಬಂದು ತುಂಗೆಯ ಕಡೆಯ ಕಟ್ಟೆಯ ಮೇಲೆ ಒಂದು ಮೊಳ ಅಂತರ ಬಿಟ್ಟು ಕೂತರು. ಅವನಿಗೆ ತಡೆಯಲಾಗಲಿಲ್ಲ. "ಮದುವೆ ಆಗಿದೆಯಾ ನಿಮಗೆ?" ಎಂದುಬಿಟ್ಟ.

ಅವಳು ಅವನನ್ನೇ ದಿಟ್ಟಿಸಿದಳು. ನಗು ಬರುತ್ತಿತ್ತೋ ಅಳುವೋ, ಎರಡೂ ಅರ್ಧಕ್ಕೆ ನಿಂತವು. ಆಮೇಲೆ ಹೇಳತೊಡಗಿದಳು.

ಫೆಬ್ರವರಿ ಕೊನೆಗೆ ಮಾಲೀಕರು ಆಶ್ರಮವನ್ನು ಮಾರಿದರು. ಹತ್ತೊಂಬತ್ತು ಮುದುಕರನ್ನು ಹತ್ತೊಂಬತ್ತು ಕಡೆ ಕಳಿಸಿದರು. ವ್ಯಾನಿನಲ್ಲಿ ಕೂರಿಸಿದ ಡಾರತಿ ಅಜ್ಜಿ, ನಾಳೆ ನನ್ನನ್ನು ಹೊಲಕ್ಕೆ ಯಾರು ಕರೆದುಕೊಂಡು ಹೋಗುತ್ತಾರೆ ಎಂದು ಇವಳನ್ನೇ ಕೇಳಿದಳು. ಕೆಲಸ ಹೋದರೆ ವೀಸಾ ಹೋದಂತೆಯೇ. ಬೇರೆ ಕಡೆ ಹುಡುಕಲು ಅರವತ್ತು ದಿನದ ಗಡುವು. ಲೆಸ್ಟರ್ ನಗರದಲ್ಲಿ ಗೆಳತಿಯ ಮನೆ ಸೇರಿದಳು. ಫೋನಿನಲ್ಲಿ ಕೇಳಿಸಿದ ನಗು ಆ ಗೆಳತಿಯ ಗಂಡನದು. ಹನ್ನೊಂದು ಕಡೆ ಇಂಟರ್‌ವ್ಯೂ ಕೊಟ್ಟಳು, ಒಂದೂ ಆಗಲಿಲ್ಲ. ಗಡುವು ಮುಗಿದ ಮೇಲೆ ವಾಪಸ್ ಹೊರಡುವುದೊಂದೇ ದಾರಿ. ಆ ಮನೆಯ ಮಹಡಿಮೆಟ್ಟಿಲಲ್ಲಿ ಕೂತು, ಚಪ್ಪಲಿ ಗೂಡನ್ನು ನೋಡುತ್ತಾ, ಅವನಿಗೆ ಎಲ್ಡರ್‌ಫೋರ್ಡಿನ ಹೊಲ ಹೇಳುತ್ತಿದ್ದಳು. ಮೊನ್ನೆ ಸಂಜೆಯ ಮಳೆಯನ್ನು ಹೊಸಮನೆಯ ತಾರಸಿ ಮೇಲೆ ನಿಂತು ಹೇಳಿದ್ದಳು. ಅಮ್ಮನಿಗೂ ಏನೂ ಗೊತ್ತಿಲ್ಲ. ಅಮ್ಮ ಬೀದಿಗೆಲ್ಲ ಫಾರಿನ್ ಮಗಳು ಬಂದಳೆಂದು ಹೇಳಿಕೊಂಡು ಬಂದಿದ್ದಾಳೆ.

"ನನಗೆ ಹೇಳ್ಬಹುದಿತ್ತಲ್ಲ" ಎಂದ ಯೋಗರಾಜ. ಅವನ ದನಿಯಲ್ಲಿ ಸಿಟ್ಟಿತ್ತು, ಸಿಟ್ಟಿನ ಕೆಳಗೆ ನೋವಿತ್ತು.

"ನೀವು ದಿನಾ ಮೊದ್ಲು ಕೇಳ್ತಿದ್ದಿದ್ದು ಊರನ್ನ, ನನ್ನನ್ನಲ್ಲ. ಊರೇ ಹೋದ್ಮೇಲೆ ನಾನ್ಯಾಕೆ ಬೇಕು ಅನ್ನಿಸ್ತು."

ಹನ್ನೊಂದು ತಿಂಗಳ ಮಾತುಗಳನ್ನು ನೆನೆದರೆ ಅವಳು ಹೇಳಿದ್ದು ನಿಜವೇ ಆಗಿತ್ತು. ಒಂದು ದಿನವೂ ಅವನು ಅವಳಿಗೆ ಚಳಿಯಾಗುತ್ತದೆಯೇ, ಭಯವಾಗುತ್ತದೆಯೇ ಎಂದು ಕೇಳಿರಲಿಲ್ಲ.

"ಊರಿನ ವಿಷ್ಯ ಕೇಳಿದ್ರೆ ನೀವು ಬೇಗ ಫೋನ್ ಇಡ್ತಿರ್ಲಿಲ್ಲ" ಎಂದ. "ಅದಕ್ಕೇ ಕೇಳ್ತಿದ್ದೆ. ಬೇರೇನು ಕೇಳೋಕೂ ನನಗೆ ಧೈರ್ಯ ಇರ್ಲಿಲ್ಲ ವೇದಾ."

ಅವನು ಅವಳ ಹೆಸರು ಹಿಡಿದು ಕರೆದದ್ದು ಇಬ್ಬರಿಗೂ ಒಟ್ಟಿಗೇ ಅರಿವಾಯಿತು. ಅವಳ ಕಿವಿ ಕೆಂಪಾಯಿತು. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಒಂದು ನಿಜ ಹೇಳ್ಲಾ? ನನಗೆ ಆ ಊರು ಅಷ್ಟೇನೂ ಇಷ್ಟ ಇರ್ಲಿಲ್ಲ. ಕೆಸರು, ಕತ್ತಲು, ಮಾತಿಗೆ ಜನ ಇಲ್ಲ. ನಿಮಗೆ ಹೇಳೋವಾಗ ಮಾತ್ರ ಚೆನ್ನಾಗಿರ್ತಿತ್ತು. ದಿನಾ ಸಂಜೆ ಇವ್ರಿಗೆ ಏನು ಹೇಳ್ಲಿ ಅಂತ ಹುಡುಕ್ತಾ ನಡೀತಿದ್ದೆ. ಹಾಗೆ ನೋಡ್ತಾ ನೋಡ್ತಾ ಅದು ಚೆಂದ ಆಯ್ತು."

ಅಂತರ ಯಾವಾಗ ಗೇಣಿಗಿಳಿಯಿತೋ ಇಬ್ಬರೂ ಗಮನಿಸಲಿಲ್ಲ.

ಸೋಮವಾರ ಯೋಗರಾಜ ಹಿಡಿಕಂಬಿ ತಂದ. ಅಮ್ಮನಿಗೆ ತಾನೇ ಹೇಳುತ್ತೇನೆ, ನೀವು ಹೊರಗೆ ಇದ್ದರೆ ಸಾಕು ಎಂದಿದ್ದಳು ವೇದಾವತಿ. ಮೆಟ್ಟಿಲ ಬಳಿ ಡ್ರಿಲ್ ಹಿಡಿದು ಕೂತವನಿಗೆ ಒಳಗಿನ ಮಾತು ತುಂಡುತುಂಡಾಗಿ ಕೇಳಿಸಿತು. ಅವನು ಡ್ರಿಲ್ ಕೆಳಗಿಟ್ಟು ಕಿವಿಗೊಟ್ಟ. ಫಾರಿನ್ ಮಗಳು ಎಂಬ ಹೆಮ್ಮೆಯೇ ಆಧಾರವಾಗಿದ್ದ ಆ ತಾಯಿ ಈಗ ಏನೆನ್ನಬಹುದು?

"ಇಷ್ಟು ದಿನ ಯಾರ್ದೋ ಮನೆಯಲ್ಲಿ ಹೊಟ್ಟೆ ತುಂಬಾ ಊಟ ಮಾಡಿದ್ಯೇನೆ?" ಸುವರ್ಣಮ್ಮ ಅಷ್ಟೇ ಕೇಳಿದರು. ಅದಕ್ಕೆ ವೇದಾವತಿ ಅತ್ತಳು. ಬಹುಶಃ ಫೆಬ್ರವರಿಯಿಂದ ಕೂಡಿಟ್ಟಿದ್ದ ಅಳು.

ಅರ್ಧ ಗಂಟೆ ಕಳೆದ ಮೇಲೆ ಅವಳು ಮುಖ ತೊಳೆದು ಬಂದು ಮೇಲಿನ ಮೆಟ್ಟಿಲಲ್ಲಿ ಕೂತಳು. ಅವನು ಕೆಳಗಿನ ಮೆಟ್ಟಿಲಲ್ಲಿದ್ದ. ಅವನಲ್ಲಿ ಇನ್ನೂ ಒಂದು ಭಯ ಉಳಿದಿತ್ತು. ಬೇರೆ ಕೆಲಸ ಸಿಕ್ಕರೆ ಮತ್ತೆ ಅಲ್ಲಿಗೇ ಹೋಗುತ್ತೀರಾ ಎಂದು, ಸ್ಪ್ಯಾನರ್ ನೋಡುತ್ತಾ ಕೇಳಿದ.

ಅವಳು ಸುಳ್ಳು ಹೇಳಲಿಲ್ಲ. "ಸಿಕ್ರೆ ಹೋಗ್ಬಹುದು. ಗೊತ್ತಿಲ್ಲ. ನೀವು ಬರ್ತೀರಾ?"

"ಅಲ್ಲಿ ನನಗೇನು ಕೆಲಸ?"

"ಅಲ್ಲಿ ಒಂದೊಂದು ಹೊಲಕ್ಕೂ ಒಂದೊಂದು ಕಬ್ಬಿಣದ ಗೇಟಿದೆ. ಅರ್ಧಕ್ಕರ್ಧ ಗೇಟಿಗೆ ಚಿಲಕ ಸರಿಯಾಗಿ ಬೀಳಲ್ಲ."

ಯೋಗರಾಜನಿಗೆ ಎರಡು ದಿನದಲ್ಲಿ ಮೊದಲ ಸಲ ನಗು ಬಂತು. ಸ್ಪ್ಯಾನರನ್ನು ಕೆಳಗಿಟ್ಟು ಅವಳ ಕಣ್ಣನ್ನೇ ನೋಡಿದ.

"ಮದುವೆ ಆಗೋಣ. ಆಮೇಲೆ ಹೊಸಮನೆ ಆದ್ರೂ ಸರಿ, ಆ ದೇಶ ಆದ್ರೂ ಸರಿ. ಫೋನಲ್ಲಿ ಮಾತ್ರ ಬೇಡ."

ವೇದಾವತಿ ಎರಡು ಮೆಟ್ಟಿಲು ಇಳಿದು ಬಂದು, ಅವನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಂತೆ ಕೂತಳು. ಒಳಗಿನಿಂದ ಸುವರ್ಣಮ್ಮ, ಇನ್ನೊಬ್ಬರಿಗೆ ಅಕ್ಕಿ ಹಾಕು ಎಂದು ಪುಷ್ಪಾಳಿಗೆ ಹೇಳುವುದು ಕೇಳಿಸಿತು.