ಗಂಡಭೇರುಂಡದ ಹಿಂದಿನ ತಲೆ

"ತಿರುಗೋ ಮುನಿ!"

"ಆಗಲ್ಲ ಸುಕಿ."

"ಯಾಕಾಗಲ್ಲ? ಆ ಕಡೆ ಯಾರೋ ನಗ್ತಿದಾಳೆ. ಯಾರವಳು?"

"ಯಾರೂ ಇಲ್ಲ ಕಣೆ. ಸುಮ್ನೆ ನಿಂತ್ಕೋ."

ಯಾರೂ ಇಲ್ಲವಂತೆ! ಸುಕನ್ಯಳ ಬೆನ್ನ ಹಿಂದಿನಿಂದ ಮತ್ತೆ ಅದೇ ನಗು ಕೇಳಿಸಿತು. ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ನಗು. ಇಪ್ಪತ್ತರ ಒಳಗಿನ ನಗು. ಸೆಂಟು ಹಾಕಿಕೊಂಡ ನಗು!

ಸುಕನ್ಯ ತಡೆಯಲಾರದೆ ಗಿರ್ರನೆ ತಿರುಗಿಬಿಟ್ಟಳು. ಆದರೆ ಅವಳು ತಿರುಗಿದರೆ ಮುನೀಂದ್ರನೂ ತಿರುಗಿದ. ಅವನು ತಿರುಗಿದ ಕಡೆಗೆ ಆ ನಗುವೂ ಓಡಿ ಬಂತು. ಈಗಲೂ ನಗು ಅವಳ ಬೆನ್ನ ಹಿಂದೆಯೇ!

ತನ್ನ ಬಾಲ ಹಿಡಿಯಲು ಹೊರಟ ನಾಯಿಯ ಪಾಡು ಅವಳದಾಯಿತು.

ಯಾಕೆ ಅಂತೀರಾ? ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಒಂದೇ ಬಟ್ಟೆಯೊಳಗೆ ಇದ್ದರು. ಒಂದು ಹೊಟ್ಟೆ, ಎರಡು ತಲೆ, ಎರಡು ರೆಕ್ಕೆ. ಗಂಡಭೇರುಂಡ!

ಅದು ಎರಡು ಸಾವಿರದ ಏಳನೇ ಇಸವಿ, ಡಿಸೆಂಬರಿನ ಒಂದು ಭಾನುವಾರ. ಹಲಸೂರು ಕೆರೆಯ ಹತ್ತಿರದ ಒಂದು ಕಲ್ಯಾಣ ಮಂಟಪದಲ್ಲಿ ಕಾಮಿಕ್ಸ್ ಮೇಳ ನಡೆದಿತ್ತು. ವೇಷ ಹಾಕಿ ಬಂದವರಿಗೆ ಟಿಕೆಟ್ ಇಲ್ಲ. ಹಾಗಾಗಿ ಆ ದಿನ ಹಲಸೂರಿನಲ್ಲಿ ರಾಕ್ಷಸರು ಕ್ಯೂನಲ್ಲಿ ನಿಂತು ಮಸಾಲೆ ದೋಸೆ ತಿಂದರು, ಯಮನೊಬ್ಬ ಚಿಲ್ಲಿ ಬಜ್ಜಿ ಖಾರವಾಯಿತೆಂದು ಕಣ್ಣೀರು ಹಾಕಿದ ಎಂದರೆ ನೀವು ನಂಬಲೇಬೇಕು.

ಸುಕನ್ಯ, ಮುನೀಂದ್ರ ಇಬ್ಬರೂ ದೊಡ್ಡನೆಕ್ಕುಂದಿಯ ಒಂದೇ ಬೀದಿಯವರು. ಅವಳು ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಶಕೀಲಾ ಮೇಡಂ ಅವರ ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಅವನು ಕೆ.ಆರ್. ಪುರದಲ್ಲಿ ಗಾಡಿಗಳ ನಂಬರ್ ಪ್ಲೇಟು, ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಕೆಲಸವಿಲ್ಲದ ಹೊತ್ತಿನಲ್ಲಿ ಕಾಮಿಕ್ಸ್ ಬಿಡಿಸುತ್ತಿದ್ದ. ಅವನ ಕಥೆಯ ನಾಯಕ ಹಲಸೂರು ಕೆರೆ ಕಾಯುವ ಗಂಡಭೇರುಂಡ. ಅದಕ್ಕೇ ಈ ವೇಷ.

ಗರಿಗಳೆಲ್ಲ ಸುಕನ್ಯಳ ಅಂಗಡಿಯ ಬ್ಲೌಸ್ ಪೀಸಿನ ಚೂರುಗಳು. ಒಟ್ಟು ಸಾವಿರದ ನೂರು ಗರಿ. ಎಣಿಸಿದ್ದು ಅವಳೇ. ಎಣಿಸುವಾಗ ನಡುವೆ ಎರಡು ಸಲ ನಿದ್ದೆ ಹೋಗಿದ್ದಳು, ಒಂದಿನ್ನೂರು ಆಚೆ ಈಚೆ ಇರಬಹುದು.

ವೇಷದ ಪಕ್ಕಕ್ಕೆ ವೆಲ್ಕ್ರೋ ಪಟ್ಟಿ ಇತ್ತು. ಗಟ್ಟಿಯಾಗಿಯೇ ಇತ್ತು. ಆದರೂ ಬೆಳಿಗ್ಗೆ ಮಂಟಪದ ಗೇಟಿನಲ್ಲಿ, "ಇದು ಬಿಟ್ಕೊಳುತ್ತೆ ಕಣೋ" ಎಂದು ಸುಳ್ಳು ಹೇಳಿ ಸೂಜಿ ತೆಗೆದು, ಸೊಂಟದಿಂದ ತೋಳಿನವರೆಗೆ ಡಬಲ್ ದಾರದಲ್ಲಿ ಹೊಲಿದುಬಿಟ್ಟಿದ್ದಳು.

ಇವತ್ತೊಂದು ದಿನ... ಸಾಯಂಕಾಲದವರೆಗೆ... ಇವನು ನನ್ನನ್ನು ಬಿಟ್ಟು ಎಲ್ಲಿಗೂ ಹೋಗಕೂಡದು!

ಮೂರು ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತನ್ನು ಇವತ್ತು ಹೇಳಿಬಿಡಬೇಕು ಎಂದುಕೊಂಡಿದ್ದಳು. ಅದಕ್ಕಾಗಿಯೇ ಅಣ್ಣ ಸಂಜೀವಪ್ಪನಿಗೂ ಸುಳ್ಳು ಹೇಳಿ ಬಂದಿದ್ದಳು. "ಕ್ರಿಸ್‌ಮಸ್ ಆರ್ಡರ್ ಜಾಸ್ತಿ ಅಣ್ಣ, ಭಾನುವಾರಾನೂ ಓವರ್‌ಟೈಮು." ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಅಣ್ಣ. ತಂಗಿಯ ಕಡೆ ಯಾವನಾದರೂ ಎರಡು ಸಲ ನೋಡಿದರೆ ಗೂಟ ಹೊಡೆಯುವ ಸುತ್ತಿಗೆ ಹುಡುಕುವ ಅಣ್ಣ!

ಇಷ್ಟೆಲ್ಲ ಮಾಡಿ ಬಂದರೆ... ಇದೇನಿದು? ಯಾವಳೋ ಒಬ್ಬಳು ನಗುತ್ತಿದ್ದಾಳೆ!

"ಹಾಯ್! ನಾನು ಶ್ವೇತ. ಇಂದಿರಾನಗರ. ನಿಮ್ ಕಾಸ್ಟ್ಯೂಮ್ ಸಖತ್ತಾಗಿದೆ. ಫೋಟೋ ತಗೋಬೋದಾ?"

"ತಗೊಳ್ಳಿ ತಗೊಳ್ಳಿ."

ಎರಡು ಸಲ ಯಾಕೆ ಹೇಳಬೇಕಿತ್ತು? ಒಂದು ಸಲ ಹೇಳಿದರೆ ಸಾಲದಾ?

"ಸ್ವಲ್ಪ ಸ್ಮೈಲ್ ಮಾಡಿ. ವಾವ್, ನಿಮ್ಗೆ ಡಿಂಪಲ್ ಬರುತ್ತೆ!"

ಸುಕನ್ಯಳ ಹೊಟ್ಟೆಯಲ್ಲಿ ಸೀಮೆಎಣ್ಣೆ ಸ್ಟೌ ಹತ್ತಿಕೊಂಡಿತು. ಆ ಗುಳಿಯನ್ನು ಮೊದಲು ನೋಡಿದವಳು ನಾನು! ಏಳನೇ ಕ್ಲಾಸಿನಲ್ಲೇ ನೋಡಿದ್ದೆ. ಆಗ ನೀನು ಎಲ್ಲಿದ್ದೆಯೇ ಇಂದಿರಾನಗರ?

ಕುತ್ತಿಗೆಯನ್ನು ಆದಷ್ಟು ತಿರುಗಿಸಿ ನೋಡಿದಳು. ಕಂಡದ್ದು ಒಂದು ಬೆಳ್ಳಿ ಬಣ್ಣದ ಬೂಟು. ಬರೀ ಬೂಟು! ಅದನ್ನು ನೋಡಿಯೇ ಅವಳಿಗೆ ಮೇಲಿನ ಹುಡುಗಿಯೆಲ್ಲ ಕಂಡಂತಾಯಿತು. ಬೆಳ್ಳಗೆ, ಎತ್ತರಕ್ಕೆ, ಶಾಂಪೂ ಹಾಕಿದ ಕೂದಲು... ತನ್ನ ಕಾಲು ನೋಡಿಕೊಂಡಳು. ಅಣ್ಣ ಗೌರಿ ಹಬ್ಬಕ್ಕೆ ಕೊಡಿಸಿದ ಹಸಿರು ಚಪ್ಪಲಿ.

ಅಲ್ಲಿಂದ ಶುರುವಾಯಿತು ನೋಡಿ ಮುನೀಂದ್ರನ ವಿಚಿತ್ರ ವರ್ತನೆ.

ಒಂದು ಕಡೆ ನಿಲ್ಲಲೊಲ್ಲ. ಇದ್ದಕ್ಕಿದ್ದಂತೆ ಎಡಕ್ಕೆ ತಿರುಗಿದ. ಸುಕನ್ಯಳ ಮುಂದೆ ಕುಡಿಯುವ ನೀರಿನ ಡ್ರಮ್ಮು ಬಂತು. ಮತ್ತೆ ಬಲಕ್ಕೆ ತಿರುಗಿದ. ಅವಳ ಮುಂದೆ ಸುಣ್ಣದ ಗೋಡೆ. ಇನ್ನೊಂದು ಸಲ ಎಳೆದುಕೊಂಡು ಓಡಿದ. ಅವಳ ಮೂಗಿನ ಮುಂದೆ ಗಂಡಸರ ಟಾಯ್ಲೆಟ್ಟಿನ ಬೋರ್ಡು!

"ಲೇ! ಏನಾಗಿದೆ ನಿಂಗೆ? ನನ್ನನ್ನ ಗೋಡೆಗೆ ಯಾಕೆ ಮುಖ ಮಾಡಿಸ್ತಿದ್ದೀಯಾ?"

"ಶ್! ಮಾತಾಡ್ಬೇಡ."

"ಮಾತೂ ಆಡ್ಬಾರ್ದಾ?"

"ದಮ್ಮಯ್ಯ ಸುಕಿ... ಸ್ವಲ್ಪ ಹೊತ್ತು."

ಓಹೋ... ಈಗ ಅರ್ಥವಾಯಿತು. ಆ ಬೆಳ್ಳಿ ಬೂಟಿನವಳು ಎಲ್ಲಿ ಹೋಗುತ್ತಾಳೋ ಇವನ ಮೂತಿಯೂ ಅಲ್ಲಿಗೇ ತಿರುಗುತ್ತಿದೆ! ಸೂರ್ಯಕಾಂತಿ ಹೂವಿಗಾದರೂ ಸಾಯಂಕಾಲ ಸ್ವಲ್ಪ ನಾಚಿಕೆ ಇರುತ್ತದೆ. ಇವನಿಗೆ ಅದೂ ಇಲ್ಲ!

ಒಂದೇ ರೆಕ್ಕೆಯೊಳಗೆ ಇಬ್ಬರ ಕೈಗಳೂ ಇದ್ದವು. ಅವನ ಕೈ ಬೆವೆತು ತಣ್ಣಗಾಗಿತ್ತು, ನಡುಗುತ್ತಿತ್ತು. ಅವಳನ್ನು ಕಂಡು ನಡುಕವಾ? ನನ್ನ ಪಕ್ಕದಲ್ಲಿ ಬಸ್ಸಿನಲ್ಲಿ ಕೂತಾಗ ಒಂದು ದಿನವಾದರೂ ಹೀಗೆ ನಡುಗಿದ್ದೀಯಾ ಮುನಿ? ಆರಾಮಾಗಿ ಕಡಲೆಕಾಯಿ ತಿನ್ನುತ್ತಿದ್ದೆಯಲ್ಲೋ...

ಅವಳು ತನ್ನ ಕೈಯನ್ನು ಮೆಲ್ಲಗೆ ದೂರ ಎಳೆದುಕೊಂಡಳು.

ಆಗ ಶ್ವೇತ ಕೇಳಿಯೇಬಿಟ್ಟಳು. "ಒಂದ್ ಪ್ರಶ್ನೆ ಕೇಳ್ಲಾ? ಹಿಂದ್ಗಡೆ ಇರೋ ಹುಡುಗಿ ನಿಮ್ ಲವ್ವರಾ?"

ಸುಕನ್ಯ ಕಿವಿಗೊಟ್ಟಳು. ಹೇಳೋ ಮುನಿ. ಏನಾದರೂ ಹೇಳು. ಸುಮ್ಮನೆ ನಕ್ಕರೂ ಸಾಕು... ನಾನೇ ಅರ್ಥ ಮಾಡಿಕೊಳ್ಳುತ್ತೇನೆ.

ಮುನೀಂದ್ರ ಇಡೀ ಮಂಟಪಕ್ಕೆ ಕೇಳುವ ಹಾಗೆ ಕೂಗಿದ.

"ಲವ್ವಾ? ಅಯ್ಯೋ ಇಲ್ಲಪ್ಪ! ನಂಗೂ ಅವಳಿಗೂ ಏನೇನೂ ಇಲ್ಲ. ನಾನು ಅವಳನ್ನ ಆ ಥರ ನೋಡೇ ಇಲ್ಲ. ದೇವ್ರಾಣೆ!"

"ಹಾಗಾದ್ರೆ ನಿಮ್ ಮೊಬೈಲ್ ನಂಬರ್ ಕೊಡಿ. ಫೋಟೋ ಕೊಡೋಕೆ ಬೇಕಲ್ಲ!" ಎಂದು ಆ ಸಾಸಿವೆ ಮತ್ತೆ ಸಿಡಿಯಿತು.

ಅವನು ನಂಬರ್ ಹೇಳಿದ. ಸರಸರನೆ, ಪುಸ್ತಕ ನೋಡಿ ಓದಿದ ಹಾಗೆ.

ಸುಕನ್ಯಳಿಗೆ ಅಂಕಿಗಳು ಒಂದೂ ಕಿವಿಗೆ ಬೀಳಲಿಲ್ಲ. ಗೋಡೆಯ ಸುಣ್ಣ ಮಂಜು ಮಂಜಾಗಿ ಕಂಡಿತು. ದೇವರ ಆಣೆ ಬೇರೆ! ಏನೂ ಇಲ್ಲದಿದ್ದರೆ ಇಲ್ಲ ಅನ್ನು, ದೇವರನ್ನು ಯಾಕೋ ಕರೆಯುತ್ತೀಯಾ?

"ಮುಂದಿನ ವೇಷ... ಗಂಡಭೇರುಂಡ!" ಮೈಕಿನಲ್ಲಿ ಕೂಗಿದರು.

ಜನ ಚಪ್ಪಾಳೆ ತಟ್ಟಿದರು. ಹಕ್ಕಿ ಅಡ್ಡಡ್ಡವಾಗಿ ನಡೆಯುತ್ತಾ ವೇದಿಕೆಯ ಮೆಟ್ಟಿಲ ಬಳಿ ಬಂದು ನಿಂತಿತು.

"ಬಲಗಾಲು ಸುಕಿ," ಎಂದ ಮುನೀಂದ್ರ.

ಸುಕನ್ಯ ಬಲಗಾಲು ಎತ್ತಲಿಲ್ಲ. ಕೊರಳಿನ ದಾರಕ್ಕೆ ನೇತುಹಾಕಿದ್ದ ಪುಟ್ಟ ನೂಲು ಕತ್ತರಿ ಎತ್ತಿಕೊಂಡಳು. ಕಚಕ್. ಕಚಕ್. ಕಚಕ್...

"ಏಯ್! ಏನ್ ಮಾಡ್ತಿದ್ದೀಯಾ?"

"ನಿನ್ ತಲೆ ನಿಂಗೆ, ನನ್ ತಲೆ ನಂಗೆ. ಹೋಗು. ಬೆಳ್ಳಿ ಬೂಟಿಗೆ ಅಂಟ್ಕೋ!"

"ಸುಕಿ, ಬೇಡ... ಈಗ ಬೇಡ ಕಣೆ..."

ಹೊಲಿಗೆ ಬಿಟ್ಟಿತು, ವೆಲ್ಕ್ರೋ ಪರ್ರನೆ ಕಿತ್ತು ಬಂತು. ಗಂಡಭೇರುಂಡದ ಹೊಟ್ಟೆಯಿಂದ ಹತ್ತಿ ಸುರಿಯಿತು. ಒಂದು ತಲೆ, ಒಂದು ರೆಕ್ಕೆ ಹೊತ್ತುಕೊಂಡು ಸುಕನ್ಯ ಸರಸರನೆ ನಡೆದಳು. ನೋಡಿದವರೆಲ್ಲ ಬಿದ್ದು ಬಿದ್ದು ನಕ್ಕರು. ಖಾರ ತಿಂದು ಅಳುತ್ತಿದ್ದ ಯಮನೂ ನಕ್ಕ.

"ಆ ಕಡೆ ಹೋಗ್ಬೇಡ ಸುಕಿ! ಆ ಕಡೆ ಬೇಡ!" ಮುನೀಂದ್ರನ ಕೂಗು ಹಿಂದಿನಿಂದ ಬಂತು.

ಬೇಡ ಎಂದ ಕಡೆಗೇ ಹೋದಳು. ಕಣ್ಣೀರಿನಲ್ಲಿ ದಾರಿ ಕಾಣದೆ ಪ್ಲಾಸ್ಟಿಕ್ ಕುರ್ಚಿಗಳ ರಾಶಿಗೆ ಡಿಕ್ಕಿ ಹೊಡೆದಳು.

ರಾಶಿಯ ಹಿಂದಿನಿಂದ ಒಂದು ತಲೆ ಮೇಲೆದ್ದಿತು.

"ಎಲ್ಲಿಗಮ್ಮಣ್ಣಿ? ಅಂಗಡಿ ಕಡೆಗಾ?"

ಅಣ್ಣ! ಸಂಜೀವಪ್ಪ!

"ಅಣ್ಣಾ... ಅದು... ಓವರ್‌ಟೈಮು..."

"ಕಾಣ್ತಾ ಇದೆ. ಕೊಕ್ಕು ಬೇರೆ ಬಂದಿದೆ."

"ನೀನು... ಇಲ್ಲಿ...?"

"ಕುರ್ಚಿ ಯಾರ್ದು ಅನ್ಕೊಂಡೆ? ಇನ್ನೂರ್ ಕುರ್ಚಿ ನಂದೇ. ಬೆಳಿಗ್ಗೆಯಿಂದ ಇಲ್ಲೇ ಇದೀನಿ." ಸಂಜೀವಪ್ಪ ಟವಲಿನಿಂದ ಮುಖ ಒರೆಸಿಕೊಂಡ. "ಎರಡು ತಲೆ ಹಕ್ಕಿ ಕಂಡೆ. ಮುಂದ್ಗಡೆ ನಮ್ ಮುನೀಂದ್ರ. ಹಿಂದ್ಗಡೆ ನಾನು ಕೊಡ್ಸಿದ್ ಹಸಿರು ಚಪ್ಲಿ! ಮುಖ ನೋಡಾಣ ಅಂತ ಈ ಕಡೆ ಬಂದ್ರೆ ಹಕ್ಕಿ ಆ ಕಡೆ ತಿರುಗ್ತು. ಆ ಕಡೆ ಹೋದ್ರೆ ಈ ಕಡೆ ತಿರುಗ್ತು. ಎಂಟು ಸುತ್ತು ಹಾಕ್ದೆ ಕಣಮ್ಮ. ಊರ ದೇವ್ರಿಗೂ ಅಷ್ಟು ಪ್ರದಕ್ಷಿಣೆ ಹಾಕಿಲ್ಲ ನಾನು!"

ಸುಕನ್ಯಳ ತಲೆ ಗಿರ್ರೆಂದಿತು. ಡ್ರಮ್ಮು... ಗೋಡೆ... ಟಾಯ್ಲೆಟ್ ಬೋರ್ಡು... ಅವನು ತಿರುಗಿದ್ದು ಬೆಳ್ಳಿ ಬೂಟಿನ ಹಿಂದೆ ಅಲ್ಲ! ಅಣ್ಣನಿಗೆ ನನ್ನ ಮುಖ ಕಾಣದಿರಲಿ ಎಂದು!

"ಅಣ್ಣಾ... ಅವ್ನು ದೇವ್ರಾಣೆ ಅಂತ ಕೂಗಿದಾಗ ನೀನು ಅಲ್ಲೇ ಇದ್ಯಾ?"

"ಆ ಕ್ಯಾಮೆರಾ ಹುಡುಗಿ ಪಕ್ಕದಲ್ಲೇ. ನಾನೇನೂ ಕೇಳ್ಲಿಲ್ಲಮ್ಮ. ಕೈ ಕಟ್ಕೊಂಡು ಸುಮ್ನೆ ನೋಡ್ದೆ. ಅಷ್ಟಕ್ಕೇ ಆಣೆ ಮಾಡ್ಬಿಟ್ಟ! ಅದ್ ಕೇಳಿದ್ದೇ ತಡ, ನಾನು ಈ ಕಡೆ ಬಂದ್ಬಿಟ್ಟೆ."

ಅಷ್ಟರಲ್ಲಿ ಒಂಟಿ ರೆಕ್ಕೆ ನೆಲಕ್ಕೆ ಎಳೆಯುತ್ತಾ, ಹತ್ತಿ ಉದುರಿಸುತ್ತಾ ಮುನೀಂದ್ರ ಓಡಿ ಬಂದ.

"ಸುಕಿ, ನಿಲ್ಲು! ಆ ಕಡೆ ನಿಮ್ಮಣ್ಣ ಇದಾ..."

ಅಲ್ಲಿಗೇ ನಿಂತ. ಬಾಯಿ ತೆರೆದೇ ಇತ್ತು.

"ಬಾಪ್ಪ," ಎಂದ ಸಂಜೀವಪ್ಪ. "ಏನೇನೂ ಇಲ್ಲ ಅಂದ್ಯಲ್ಲ. ಮತ್ತೆ ಯಾಕೆ ಓಡ್ ಬಂದೆ? ಅಲ್ಲಿ ಸ್ಟೇಜ್ ಮೇಲೆ ಕರೀತಾವ್ರೆ. ಹೋಗು."

ಮುನೀಂದ್ರ ವೇದಿಕೆಯ ಕಡೆ ನೋಡಲಿಲ್ಲ. ಸುಕನ್ಯಳ ಒದ್ದೆ ಕೆನ್ನೆ ನೋಡಿದ. ಅವಳನ್ನು ಅಷ್ಟು ಹೊತ್ತಿನಿಂದ ಅವನೂ ನೋಡಿರಲಿಲ್ಲ. ಅವಳು ಅತ್ತದ್ದು ಅವನಿಗೆ ಗೊತ್ತೇ ಇರಲಿಲ್ಲ.

ಆಮೇಲೆ ಒಂದು ಹೆಜ್ಜೆ ಮುಂದೆ ಬಂದ.

"ಸುಳ್ಳು ಹೇಳ್ದೆ ಸಂಜೀವಣ್ಣ."

"ಆಣೆ ಮಾಡಿ?"

"ಹೂಂ. ಭಯ ಆಯ್ತು. ನಿಮಗೆ ಗೊತ್ತಾದ್ರೆ ಅವಳನ್ನ ಕೆಲ್ಸಕ್ಕೂ ಕಳ್ಸಲ್ಲ, ನನ್ ಕಣ್ಣಿಗೇ ಬೀಳದ ಹಾಗೆ ಮಾಡ್ಬಿಡ್ತೀರಾ ಅಂತ. ಸುಕಿ ಅಂದ್ರೆ ನಂಗೆ ಪ್ರಾಣ ಅಣ್ಣ. ಅವಳಿಲ್ದೆ ನಂಗಾಗಲ್ಲ. ಈಗ ಹೊಡೀತೀರೋ, ಬೈತೀರೋ... ಹೊಡೀರಿ."

ಸಂಜೀವಪ್ಪ ಬಾಯಿ ತೆರೆಯುವ ಮೊದಲೇ ಅವನ ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು.

"ಹಲೋ, ಸಂಜೀವಪ್ಪ ಶಾಮಿಯಾನ... ಯಾರು? ಶ್ವೇತನಾ? ಯಾವ ಶ್ವೇತ? ಡಿಂಪಲ್ಲಾ? ಯಾರ್ಗಮ್ಮ ಡಿಂಪಲ್ಲು? ನಂಗೆ ನಲವತ್ತೆರಡು ವರ್ಷ!"

ಸುಕನ್ಯ ಬೆರಗಾಗಿ ಮುನೀಂದ್ರನ ಕಡೆ ನೋಡಿದಳು.

"ಅವಳಿಗೆ ಅಣ್ಣನ ನಂಬರ್ ಕೊಟ್ಯಾ?"

"ಮತ್ತಿನ್ನೇನ್ ಮಾಡ್ಲಿ? ನಂದ್ ಕೊಟ್ರೆ ನೀನ್ ಸಾಯಿಸ್ತೀಯ. ಎದುರಿಗೆ ಕುರ್ಚಿ ಬೆನ್ ಮೇಲೆ ಬರೆದಿತ್ತು. ಬರೆದಿದ್ದು ನಾನೇ. ಓದ್ಬಿಟ್ಟೆ."

ಅಳು ಬರುವ ಹೊತ್ತಿಗೆ ನಗು ನುಗ್ಗಿ ಬಂದು ಸುಕನ್ಯಳಿಗೆ ಬಿಕ್ಕಳಿಕೆಯೇ ಹತ್ತಿತು. ಸಂಜೀವಪ್ಪ ಫೋನ್ ಇಟ್ಟು ಇಬ್ಬರನ್ನೂ ನೋಡಿದ. ಒಂದೊಂದು ರೆಕ್ಕೆಯ ಎರಡು ಹಕ್ಕಿಗಳು. ಗದರಬೇಕೆಂದು ಮೀಸೆ ಮುಟ್ಟಿದ, ಆದರೆ ಮೀಸೆಯ ಕೆಳಗೆ ತುಟಿ ಮಾತು ಕೇಳಲಿಲ್ಲ.

"ನನ್ ಹತ್ರ ಬಂದು ಕೇಳಿದ್ರೆ ಬೇಡ ಅಂತಿದ್ನಾ? ಕಳ್ಳಾಟ ಆಡಿದ್ದಕ್ಕೆ ಕೋಪ ನಂಗೆ," ಎಂದ. "ಅವ್ವನ ಹತ್ರ ನಾನ್ ಮಾತಾಡ್ತೀನಿ. ಅದುವರ್ಗೂ ಇಬ್ರೂ ಸೇರಿ ಇನ್ನೂರ್ ಕುರ್ಚಿ ಟೆಂಪೋಗೆ ಹಾಕಿ. ಒಂದು ಮುರಿದ್ರೂ ಮದ್ವೆ ಇಲ್ಲ!"

ಅವನು ಟೆಂಪೋ ತರಲು ಹೋದ. ಇಬ್ಬರೇ ಉಳಿದರು.

ಮುನೀಂದ್ರ ಕುರ್ಚಿಯ ಮೇಲೆ ಕುರ್ಚಿ ಜೋಡಿಸತೊಡಗಿದ. ಸುಕನ್ಯ ಕದಲಲಿಲ್ಲ.

"ಒಂದ್ ಮಾತು ಪಿಸುಗುಟ್ಟಿದ್ರೆ ಆಗ್ತಿರ್ಲಿಲ್ವಾ, ಅಣ್ಣ ಬಂದವ್ನೆ ಅಂತ?"

"ನೀನು 'ಅಯ್ಯೋ ಅಣ್ಣಾ' ಅಂತ ಕಿರುಚ್ತಿದ್ದೆ. ನಿನ್ ಗಂಟ್ಲು ಬೈಯಪ್ಪನಹಳ್ಳಿವರ್ಗೂ ಕೇಳುತ್ತೆ."

ಅದು ನಿಜವೇ ಆಗಿದ್ದರಿಂದ ಅವಳು ವಾದ ಮಾಡಲಿಲ್ಲ. ಆದರೂ ಮುಖದ ಗಂಟು ಬಿಚ್ಚಲಿಲ್ಲ.

"ಇನ್ನೂ ಕೋಪಾನಾ ಸುಕಿ?"

"ಹೂಂ."

"ಆ ಹುಡುಗಿ ಮೇಲಾ?"

"ಅಲ್ಲ. ಅಣ್ಣನ ಮೇಲೆ."

"ಅಣ್ಣನ ಮೇಲ್ಯಾಕೆ?"

"ಪ್ರಾಣ ಅಂತ ಅವ್ನಿಗೆ ಹೇಳ್ದೆ. ಅವಳಿಲ್ದೆ ಆಗಲ್ಲ ಅಂತಾನೂ ಅವ್ನಿಗೇ ಹೇಳ್ದೆ." ಅವಳ ದನಿ ಸಣ್ಣಗಾಯಿತು. "ನಂಗೆಲ್ಲಿ ಹೇಳ್ದೆ ನೀನು?"

ಮುನೀಂದ್ರ ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟ. ಅವಳ ತಲೆಯ ಮೇಲೆ ವಾಲಿದ್ದ ಹಕ್ಕಿಯ ಕೊಕ್ಕನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟ. ಮತ್ತೆ ಆ ಕೈ ನಡುಗಿತು. ಈ ಸಲ ಅದು ಯಾರಿಗಾಗಿ ಎಂದು ಅವಳಿಗೆ ಅನುಮಾನವೇ ಇರಲಿಲ್ಲ.

"ಸುಕಿ... ನೀನಂದ್ರೆ ನಂಗೆ ಪ್ರಾಣ ಕಣೆ."

ಅವಳು ಕೆನ್ನೆ ಒರೆಸಿಕೊಂಡಳು.

"ಅಣ್ಣಂಗೆ ಇನ್ನೂ ಜೋರಾಗಿ ಹೇಳಿದ್ದೆ," ಎಂದಳು. "ಇನ್ನೊಂದ್ಸಲ ಹೇಳು."